ಗಂಡನ ಮೊಬೈಲಿಗೆ ಹೋದ ಮೆಸೇಜು

ಇಪ್ಪತ್ತೆರಡು ವರ್ಷ ಹೆರಿಗೆ ವಾರ್ಡಿನಲ್ಲಿ ನಿಂತೇ ಕೆಲಸ ಮಾಡಿದ ಸಿಸ್ಟರಮ್ಮನಿಗೆ ಕೊನೆಗೆ ಮಂಡಿ ಕೈಕೊಟ್ಟಿತು. ಹಾಗಂತ ಅವಳೇ ಹೇಳಿಕೊಂಡು ನಗುತ್ತಿದ್ದಳು. ಮೆಟ್ಟಿಲು ಹತ್ತಲಾರಳು, ಸ್ಟ್ರೆಚರ್ ತಳ್ಳಲಾರಳು, ಆದರೆ ಬಾಯಿಗೇನೂ ಆಗಿರಲಿಲ್ಲ. ಆ ಬಾಯಿ ಸುಮ್ಮನೆ ಹಾಳಾಗುವುದು ಬೇಡವೆಂದು ಆಸ್ಪತ್ರೆಯ ದೊಡ್ಡವರು ಅವಳನ್ನು ತಾಯಂದಿರ ಸಹಾಯವಾಣಿಗೆ ಹಾಕಿದರು.

ಉದ್ದನೆಯ ಒಂದು ಕೋಣೆ, ಹನ್ನೊಂದು ಮೇಜು, ಪ್ರತಿ ಮೇಜಿಗೂ ಒಂದು ಕಂಪ್ಯೂಟರು, ಕಿವಿಗೆ ಸಿಕ್ಕಿಸಿಕೊಳ್ಳುವ ಹೆಡ್‌ಫೋನು. ಗೋಡೆಯ ಮೇಲೆ ಯಾವ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ, ಯಾವ ಆಂಬುಲೆನ್ಸು ಎಲ್ಲಿ ನಿಂತಿದೆ ಎಂಬ ಪಟ್ಟಿ. ಬೆಳಗ್ಗೆ ಒಂಬತ್ತಕ್ಕೆ ಫೋನು ಶುರುವಾದರೆ ನೀರು ಕುಡಿಯಲೂ ಪುರುಸೊತ್ತಿಲ್ಲ. ಮಗುವಿಗೆ ಬಿಕ್ಕಳಿಕೆ ನಿಲ್ಲುತ್ತಿಲ್ಲ, ಚುಚ್ಚುಮದ್ದು ಹಾಕಿಸಿದ ಕಡೆ ಗಂಟಾಗಿದೆ, ಏಳು ತಿಂಗಳಾದರೂ ವಾಂತಿ ಬಿಟ್ಟಿಲ್ಲ. ಮೊಮ್ಮಗು ಎರಡು ಸಲ ಸೀನಿತೆಂದು ಒಬ್ಬ ಅಜ್ಜ ಒಂದೇ ದಿನ ಮೂರು ಸಲ ಫೋನು ಮಾಡಿದ್ದ. "ಅಜ್ಜಾ, ಅದು ಸೀನೋದನ್ನ ಪ್ರಾಕ್ಟೀಸ್ ಮಾಡ್ತಿದೆ, ಮಾಡ್ಕೊಳ್ಲಿ ಬಿಡಿ" ಎಂದು ಸಿಸ್ಟರಮ್ಮ ಹೇಳಿದಾಗ ಇಡೀ ಕೋಣೆ ನಕ್ಕಿತ್ತು.

ಟೈಲರ್ ಹುಡುಗಿ ಮೊದಲ ಸಲ ಫೋನು ಮಾಡಿದಾಗ ಅವಳಿಗೆ ಆರು ತಿಂಗಳು. ಮನೆಯಲ್ಲೇ ಕೂತು ಬ್ಲೌಸು ಹೊಲಿಯುವ ಹುಡುಗಿ, ಇಪ್ಪತ್ತೊಂದು ವರ್ಷ, ಮೊದಲ ಬಸಿರು. ಕಾಲು ಊದುತ್ತಿದೆ, ಮಿಷನ್ ತುಳಿಯಬಹುದೋ ಬಾರದೋ ಎಂದು ಕೇಳಿದ್ದಳು. ಮಾತು ಮಾತ್ರ ಮನೆಗೆ ಬೆಂಕಿ ಬಿದ್ದವರ ಹಾಗೆ ಅವಸರ. ಹಿಂದೆ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಯಾಕಮ್ಮ ಇಷ್ಟು ಅರ್ಜೆಂಟು? ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದ್ದಾರಾ?"

"ಫೋನು ಅವರದ್ದು ಸಿಸ್ಟರ್. ಅವರು ಸ್ನಾನಕ್ಕೆ ಹೋದಾಗ ಮಾಡ್ತಿದ್ದೀನಿ."

ಅವರು ಅಂದರೆ ಗಂಡ. ವೆಲ್ಡಿಂಗ್ ಕೆಲಸದವನು, ಕಿಟಕಿಗೆ ಸರಳು, ಬಾಗಿಲಿಗೆ ಗ್ರಿಲ್ಲು ಮಾಡಿ ಕೂರಿಸುವವನು. ನೀರಿನ ಸದ್ದು ನಿಂತ ಕೂಡಲೇ ಫೋನು ಕಟ್ಟಾಯಿತು. ಆಮೇಲೆ ವಾರಕ್ಕೊಂದು ಸಲ ಅದೇ ಸದ್ದು, ಅದೇ ಅವಸರ. ಬೇರೆ ಯಾರಾದರೂ ಎತ್ತಿದರೆ ಹುಡುಗಿ ಸಿಸ್ಟರಮ್ಮನನ್ನೇ ಕೇಳುತ್ತಿದ್ದಳು. ಮಗು ಒದ್ದರೆ ಹೇಳಬೇಕು, ಒದೆಯದಿದ್ದರೂ ಹೇಳಬೇಕು. ಮಕ್ಕಳಿಲ್ಲದ ಸಿಸ್ಟರಮ್ಮನಿಗೆ ಆ ಐದು ನಿಮಿಷದ ಫೋನು ಅಭ್ಯಾಸವಾಗಿಹೋಯಿತು.

ಎಂಟು ತಿಂಗಳು ತುಂಬಿದ ಮೇಲೆ ಒಂದು ಮಂಗಳವಾರ ಹುಡುಗಿ ಫೋನು ಮಾಡಿ, ಬಚ್ಚಲಲ್ಲಿ ಜಾರಿ ಬಿದ್ದೆ ಅಂದಳು.

"ಎಲ್ಲೆಲ್ಲಿ ಪೆಟ್ಟಾಯ್ತು?"

"ಬೆನ್ನಿಗೆ. ತೋಳಿಗೆ. ಕಿವಿ ಹತ್ರ ಸ್ವಲ್ಪ."

"ಜಾರಿ ಬಿದ್ದೋರಿಗೆ ಒಂದು ಕಡೆ ಪೆಟ್ಟಾಗುತ್ತೆ ಕಣಮ್ಮ. ಬೆನ್ನು, ತೋಳು, ಕಿವಿ ಎಲ್ಲಾ ಒಟ್ಟಿಗೆ ಬೀಳಲ್ಲ."

ಆ ಕಡೆಯಿಂದ ಬಕೆಟ್ಟಿನ ಸದ್ದೊಂದೇ.

"ನಾನು ಕೇಳ್ತೀನಿ, ನೀನು ಹ್ಞೂಂ, ಉಹ್ಞೂಂ ಅನ್ನು ಸಾಕು. ಅವನು ಹೊಡೀತಾನಾ?"

"ಹ್ಞೂಂ."

"ಬಸಿರಿಗೆ ಮುಂಚಿಂದಾನಾ?"

"ಹ್ಞೂಂ."

"ಹೊಟ್ಟೆಗೆ?"

"ಇನ್ನೂ ಇಲ್ಲ" ಅಂದಳು.

ಆ 'ಇನ್ನೂ' ಎಂಬ ಮಾತು ಕೇಳಿದ ಸಿಸ್ಟರಮ್ಮ ತಡಮಾಡಲಿಲ್ಲ. ಗುರುವಾರ ಹುಡುಗಿ ಅತ್ತೆಯ ಜೊತೆ ಆರೋಗ್ಯ ಕೇಂದ್ರಕ್ಕೆ ತಪಾಸಣೆಗೆ ಬರುವುದಿತ್ತು. ಅಲ್ಲಿಗೆ ಆಪ್ತಸಮಾಲೋಚಕಿಯನ್ನು ಕಳಿಸುತ್ತೇನೆ, ಹೆರಿಗೆಯಾಗುವ ತನಕ ಇರಲು ಜಾಗ ಕೊಡಿಸುತ್ತೇನೆ, ಎರಡು ದಿನ ಬಾಯಿ ಬಿಡಬೇಡ ಎಂದು ಹೇಳಿ ಅವಳನ್ನು ಒಪ್ಪಿಸಿದಳು. ಫೋನಿಟ್ಟ ಮೇಲೆ ಕಂಪ್ಯೂಟರಿನಲ್ಲಿ ಹುಡುಗಿಯ ಕಡತ ತೆರೆದು 'ಮನೆಯಲ್ಲಿ ಹಿಂಸೆ' ಎಂಬ ಚೌಕಕ್ಕೆ ಗುರುತು ಹಾಕಿದಳು. ಗುರುವಾರದ ಭೇಟಿಯನ್ನೂ ಬರೆದಳು. ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಚಹಾ ಕುಡಿದಳು.

ಆ ಕಂಪ್ಯೂಟರಿಗೆ ಹೊಸ ವ್ಯವಸ್ಥೆ ಬಂದು ಇನ್ನೂ ಎರಡೇ ವಾರವಾಗಿತ್ತು. ಕಡತದಲ್ಲಿ ಏನೇ ಗುರುತು ಹಾಕಿದರೂ ನೋಂದಾಯಿಸಿದ ಮೊಬೈಲಿಗೆ ತಾನಾಗಿಯೇ ಒಂದು ಮೆಸೇಜು ಹೋಗುತ್ತದೆಂದು ಸೂಪರ್‌ವೈಸರ್ ಮೀಟಿಂಗಿನಲ್ಲಿ ಹೇಳಿದ್ದ. ಅವತ್ತು ಸಿಸ್ಟರಮ್ಮನ ಮಂಡಿ ಬಹಳ ನೋಯುತ್ತಿತ್ತು. ಅವಳು ಅರ್ಧ ಕೇಳಿಸಿಕೊಂಡಿದ್ದಳು, ಅರ್ಧ ಬಿಟ್ಟಿದ್ದಳು.

ಬುಧವಾರ ಬೆಳಗ್ಗೆ ಹನ್ನೊಂದೂಕಾಲಿಗೆ ಹುಡುಗಿಯ ನಂಬರು ಪರದೆಯ ಮೇಲೆ ಬಂತು. ಈ ಹೊತ್ತಿನಲ್ಲಿ ಅವಳು ಎಂದೂ ಮಾಡಿದವಳಲ್ಲ. ಸಿಸ್ಟರಮ್ಮ ಎತ್ತಿ, "ಹೇಳಮ್ಮಾ" ಅಂದಳು.

ಗಂಡಸಿನ ದನಿ. ಕೂಗಾಟವಿಲ್ಲ, ಗಡಿಬಿಡಿಯಿಲ್ಲ. ಶಾಲೆಯ ಮಕ್ಕಳು ಪಾಠ ಓದುವಂತೆ ಒಂದೊಂದೇ ಪದ ಬಿಡಿಸಿ ಓದಿದ. "ಮನೆಯಲ್ಲಿ ಹಿಂಸೆಯ ಕುರಿತು ನೀವು ನೀಡಿದ ಮಾಹಿತಿ ದಾಖಲಾಗಿದೆ. ನಮ್ಮ ಆಪ್ತಸಮಾಲೋಚಕರು ಗುರುವಾರ ಆರೋಗ್ಯ ಕೇಂದ್ರದಲ್ಲಿ ನಿಮ್ಮನ್ನು ಭೇಟಿಯಾಗುತ್ತಾರೆ." ಓದಿ ಮುಗಿಸಿ, "ಸಿಸ್ಟರ್ ಅನ್ನೋಳು ನೀನೇನಾ?" ಎಂದು ಕೇಳಿದ.

ಸಿಸ್ಟರಮ್ಮ ಮೀಟಿಂಗಿನಲ್ಲಿ ಬಿಟ್ಟಿದ್ದ ಅರ್ಧ ಆ ಕ್ಷಣದಲ್ಲಿ ಕಿವಿಗೆ ಬಂತು.

"ಸರ್, ಅದು ಏನೋ ತಪ್ಪಾಗಿ..."

"ಮಾತಾಡ್ಬೇಡ. ಕೇಳಿಸ್ಕೋ. ಕಿವಿ ಮೇಲೆ ಅದೇನೋ ಹಾಕ್ಕೊಂಡಿರ್ತೀರಲ್ಲ, ಗಟ್ಟಿಯಾಗಿ ಒತ್ಕೊಂಡು ಕೇಳಿಸ್ಕೋ."

ಫೋನನ್ನು ಎಲ್ಲೋ ಗಟ್ಟಿಯಾದ ಜಾಗದಲ್ಲಿಟ್ಟ ಸದ್ದಾಯಿತು. ಸ್ಪೀಕರ್ ಹಾಕಿದ್ದ. ಮೊದಲ ಏಟು ಚರ್ಮದ ಬೆಲ್ಟಿನದು. ಗಾಳಿ ಸೀಳಿಕೊಂಡು ಬಂದು ಮೈಮೇಲೆ ಬಿದ್ದ ಸದ್ದು ತಲೆಯೊಳಗೇ ಬಿದ್ದಂತಾಯಿತು. ಎರಡನೆಯದಕ್ಕೆ ಹುಡುಗಿ ಕೂಗಿದಳು. ಮೂರು, ನಾಲ್ಕು, ಐದು. ಕುರ್ಚಿಯೋ ಸ್ಟೂಲೋ ಉರುಳಿತು. ಹೊಲಿಗೆ ಮಿಷನ್ನಿಗೆ ಮೈ ಬಡಿದಿರಬೇಕು, ಕಬ್ಬಿಣ ಗಡಗಡ ಅಂದಿತು. ಪ್ರತಿ ಏಟಾದ ಮೇಲೂ ಅವನು ಫೋನಿನ ಹತ್ತಿರ ಬಂದು, "ಕೇಳಿಸ್ತಾ? ಬರ್ಕೋ. ದಾಖಲೆ ಮಾಡ್ಕೋ" ಅನ್ನುತ್ತಿದ್ದ.

ಸಿಸ್ಟರಮ್ಮ ಒಂದು ಕೈಯಿಂದ ಮೇಜಿನ ಅಂಚು ಹಿಡಿದು, ಇನ್ನೊಂದರಿಂದ ಪಕ್ಕದ ಮೇಜಿನ ಕನ್ನಡಕದವಳ ತೋಳು ಎಳೆದಳು. ಚೀಟಿಯ ಮೇಲೆ 'ಪೊಲೀಸ್, ಆಂಬುಲೆನ್ಸ್, ಸಾಯಿಸ್ತಾನೆ' ಎಂದು ಗೀಚಿ ಪರದೆಯ ಮೇಲಿದ್ದ ವಿಳಾಸ ತೋರಿಸಿದಳು. ಕನ್ನಡಕದವಳು ತನ್ನ ಕೈಲಿದ್ದ ಫೋನನ್ನು ಬಿಟ್ಟು ಹಾರಿದಳು. ಅರೆನಿಮಿಷದಲ್ಲಿ ಚೀಟಿ ವಾಪಸು ಬಂತು: ಪೊಲೀಸ್ ಹದಿನೈದು ನಿಮಿಷ, ಆಂಬುಲೆನ್ಸ್ ಇಪ್ಪತ್ತು.

ಹದಿನೈದು ನಿಮಿಷ ಅವನು ಹೊಡೆದರೆ ಏನಾಗುತ್ತದೆಂದು ಸಿಸ್ಟರಮ್ಮನಿಗೆ ಗೊತ್ತಿತ್ತು. ವಾರ್ಡಿನಲ್ಲಿ ಅಂಥವರ ಮೈ ತೊಳೆದಿದ್ದಳು. ಅವನ ಬಾಯಿ ಓಡುತ್ತಿರುವಷ್ಟು ಹೊತ್ತು ಕೈ ನಿಲ್ಲುತ್ತದೆ ಎಂಬುದೊಂದೇ ಅವಳಿಗೆ ಹೊಳೆದದ್ದು.

"ಸರ್! ಸರ್, ತಪ್ಪು ನಂದು" ಎಂದು ಕೂಗಿದಳು. "ಅವಳಲ್ಲ, ನಾನು."

ಬೆಲ್ಟು ನಿಂತಿತು. "ಏನಂದೆ?"

"ಅವಳೇನೂ ಹೇಳ್ಲಿಲ್ಲ ಸರ್. ನಾನೇ ಅವಳ ಬಾಯಿಗೆ ಮಾತು ತುರುಕಿದೆ. ನಮಗೆ ದಿನಕ್ಕೆ ಇಷ್ಟು ಅಂತ ಕೇಸು ಬರೀಬೇಕು. ನಾನೇ ಕಟ್ಟಿ ಬರ್ದೆ."

"ಅವಳು ಸುಳ್ಳಿ. ಹೇಳು."

"ಹೌದು ಸರ್, ಸುಳ್ಳಿ."

"ಪೂರ್ತಿ ಹೇಳೇ."

"ಅವಳು ಸುಳ್ಳು ಹೇಳಿದ್ಲು. ನಿಮ್ಮ ಮೇಲೆ ಇಲ್ಲದ್ದು ಹೇಳಿದ್ಲು."

ಕೋಣೆಯ ಉಳಿದ ಹತ್ತು ಮೇಜೂ ಸ್ತಬ್ಧವಾಗಿದ್ದವು. ತಮ್ಮ ಫೋನುಗಳನ್ನು ಕೆಳಗಿಟ್ಟು ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಸೂಪರ್‌ವೈಸರ್ ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದ. ವೆಲ್ಡರನಿಗೆ ಈ ಆಟ ಹಿಡಿಸಿತು. ಕ್ಷಮೆ ಕೇಳು ಅಂದ, ಕೇಳಿದಳು. ಜೋರಾಗಿ ಅಂದ, ಜೋರಾಗಿ ಕೇಳಿದಳು. ಕಾಲಿಗೆ ಬಿದ್ದೆ ಅನ್ನು ಅಂದ, ಅಂದಳು. ಗಂಡ ಇದ್ದಾನೋ ಇಲ್ಲವೋ, ಇಲ್ಲದ್ದಕ್ಕೇ ಬೇರೆಯವರ ಮನೆ ಮುರಿಯುತ್ತೀಯ ಎಂದು ಬಾಯಿಗೆ ಬಂದಂತೆ ಬೈದ. ಅವಳು ಎಲ್ಲಕ್ಕೂ ಹೌದು ಸರ್, ಹೌದು ಸರ್ ಅನ್ನುತ್ತ ಗೋಡೆಯ ಗಡಿಯಾರ ನೋಡುತ್ತಿದ್ದಳು. ಏಳು ನಿಮಿಷ ಹಾಗೆ ಕಳೆಯಿತು.

ಎಂಟನೆಯ ನಿಮಿಷಕ್ಕೆ ಹಿಂದಿನಿಂದ ಹುಡುಗಿಯ ನರಳಾಟ ಕೇಳಿತು. ಏಟಿನ ನೋವಿನ ನರಳಾಟವಲ್ಲ. ಸಿಸ್ಟರಮ್ಮ ಆ ದನಿಯನ್ನು ಇಪ್ಪತ್ತೆರಡು ವರ್ಷ ಕೇಳಿದವಳು. ಮಧ್ಯೆ ಬಿಡುವೇ ಇಲ್ಲದ, ಒಂದೇ ಎಳೆಯಾಗಿ ಹೋಗುವ ದನಿ. ಇಷ್ಟು ಹೊತ್ತು ಬಿಗಿಹಿಡಿದಿದ್ದ ಅವಳ ನಾಲಿಗೆ ಜಾರಿತು.

"ಸರ್, ಅವಳ ಹೊಟ್ಟೆ ಮೇಲೆ ಕೈಯಿಟ್ಟು ನೋಡಿ, ಗಟ್ಟಿಯಾಗಿದೆಯಾ?"

"ಓಹೋ" ಅಂದ ಅವನು. "ಮತ್ತೆ ಅವಳ ಚಿಂತೆ ಶುರುವಾಯ್ತಾ?"

ನಡೆದುಹೋದ ಹೆಜ್ಜೆ ಕೇಳಿತು. ಆಮೇಲೆ ಒದ್ದ ಸದ್ದು, ಚೀಲಕ್ಕೆ ಒದ್ದಂತೆ, ಮೂರು ಸಲ. ಹುಡುಗಿ ಕೂಗಲಿಲ್ಲ. ಕೂಗಲು ಉಸಿರೇ ಇರಲಿಲ್ಲವೇನೋ.

"ಬಿಡೋ! ಬಿಡೋ ಮಗನೇ, ರಕ್ತ ಬರ್ತಿದೆ ಕಣೋ!"

ಅದು ವಯಸ್ಸಾದ ಹೆಂಗಸಿನ ದನಿ. ಅತ್ತೆ. ಇಷ್ಟು ಹೊತ್ತೂ ಅಡುಗೆಮನೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದಳೆಂದು ಆಮೇಲೆ ಗೊತ್ತಾಯಿತು. ಗಂಡನ ಕೈಯಲ್ಲಿ ಮೂವತ್ತು ವರ್ಷ ಏಟು ತಿಂದವಳು, ಗಂಡ ಸತ್ತ ಮೇಲೆ ಮಗನ ಕೈಗೆ ಬಂದವಳು. ಸೊಸೆ ಬಂದ ಮೇಲೆ ತನ್ನ ಪಾಲಿನ ಏಟು ಕಡಿಮೆಯಾಯಿತೆಂದು ಒಳಗೊಳಗೇ ನಿಟ್ಟುಸಿರು ಬಿಟ್ಟಿದ್ದಳು. ಅದನ್ನೂ ಅವಳೇ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದಳು.

"ಒಳಗೆ ಹೋಗು" ಅಂದ ಮಗ. ಹೋಗಲಿಲ್ಲ. ಕೆನ್ನೆಗೆ ಬಿಟ್ಟ ಏಟು ಫೋನಿನಲ್ಲಿ ಪಟಾರನೆ ಕೇಳಿತು. ಕಬ್ಬಿಣದ ರಾಡೊಂದನ್ನು ನೆಲದಿಂದ ಎಳೆದುಕೊಂಡ ಸದ್ದೂ ಕೇಳಿತು.

ಸಿಸ್ಟರಮ್ಮ ಕುರ್ಚಿಯಿಂದ ಎದ್ದು ನಿಂತಿದ್ದಳು. ಮಂಡಿಯ ನೆನಪೇ ಇರಲಿಲ್ಲ. ಹೆರಿಗೆ ವಾರ್ಡಿನಲ್ಲಿ ಸುಸ್ತಾದ ಬಸುರಿಯರನ್ನು ಎಬ್ಬಿಸುತ್ತಿದ್ದ ಆ ದೊಡ್ಡ ಗಂಟಲನ್ನು ತೆರೆದಳು.

"ಅಮ್ಮಾ! ಫೋನಲ್ಲಿರೋಳು ನಾನು ನರ್ಸು. ಅವಳ ಕೈಲಿ ಏನೂ ಆಗಲ್ಲ. ನನ್ನ ಕೈಲಿ ಆಗಲ್ಲ, ನಾನು ದೂರ ಇದ್ದೀನಿ. ನೀವೊಬ್ಬರೇ ಇರೋದು. ಏನು ಸಿಗುತ್ತೋ ಅದರಲ್ಲಿ ಹೊಡೀರಿ ಅಮ್ಮಾ, ಹೊಡೀರಿ!"

ಸಹಾಯವಾಣಿಯಲ್ಲಿ ಕೂತು ಹೇಳುವ ಮಾತಲ್ಲ ಅದು. ಆದರೆ ಅವಳು ಹೇಳಿದಳು, ಉಳಿದ ಹತ್ತು ಮೇಜಿನವರೂ ಕೇಳಿದರು.

ಏನೋ ಭಾರವಾದದ್ದು ಬಿದ್ದು ಉರುಳಿತು. ಅದಾದ ಮೇಲೆ ಯಾರ ಸದ್ದೂ ಇಲ್ಲ. ಸಿಸ್ಟರಮ್ಮ ಅಮ್ಮಾ ಅಮ್ಮಾ ಎಂದು ಕರೆಯುತ್ತಲೇ ಇದ್ದಳು. ಕೊನೆಗೆ ಯಾರೋ ಫೋನು ಎತ್ತಿಕೊಂಡರು. ಹಲ್ಲು ಕಟಕಟ ಅನ್ನುವುದು ಕೇಳುತ್ತಿತ್ತು.

"ಬಿದ್ದ. ಕುಕ್ಕರಲ್ಲಿ ಹೊಡ್ದೆ, ತಲೆಗೆ. ನನ್ನ ಮಗ ಸತ್ತೋದ."

"ಉಸಿರಾಡ್ತಿದ್ದಾನಾ ನೋಡಿ."

"ಗೊರಕೆ ಹೊಡ್ದಂಗೆ ಮಾಡ್ತಿದ್ದಾನೆ."

"ಹಾಗಾದ್ರೆ ಸತ್ತಿಲ್ಲ. ಅವನನ್ನ ಬಿಡಿ. ಸೊಸೆ ಹತ್ರ ಹೋಗಿ. ಅವಳ ಹೊಟ್ಟೆ ಮುಟ್ಟಿ ಹೇಳಿ."

"ಹಲಗೆ ಥರ ಇದೆ, ತಾಯಿ. ಕಲ್ಲು. ರಕ್ತ ನೆಲದ ಮೇಲೆ... ಕಪ್ಪಗೆ..."

ಮಗುವನ್ನು ಪೊರೆಯುವ ಮಾಸು ಗರ್ಭದೊಳಗೇ ಕಳಚಿದೆ ಎಂದು ಸಿಸ್ಟರಮ್ಮನಿಗೆ ಖಚಿತವಾಯಿತು. ಹೊರಗೆ ಕಾಣುವುದಕ್ಕಿಂತ ಒಳಗೆ ಹೋಗುವ ರಕ್ತವೇ ಹೆಚ್ಚು. ಎಡಮಗ್ಗುಲಿಗೆ ಮಲಗಿಸಿ, ನೀರು ಕೇಳಿದರೂ ಕೊಡಬೇಡಿ, ಕಂಬಳಿ ಹೊದಿಸಿ, ಮಾತಾಡಿಸುತ್ತಾ ಇರಿ ಎಂದು ಒಂದೊಂದೇ ಹೇಳಿದಳು. ಕನ್ನಡಕದವಳಿಗೆ ಸನ್ನೆ ಮಾಡಿ ಆಸ್ಪತ್ರೆಯ ಹೆರಿಗೆ ವಾರ್ಡನ್ನು ಇನ್ನೊಂದು ಫೋನಿನಲ್ಲಿ ಹಿಡಿಸಿ, ತನ್ನ ಹಳೆಯ ಜೊತೆಗಾತಿಗೆ, "ಆಪರೇಷನ್ ಕೋಣೆ ತೆರೆದಿಡು, ರಕ್ತ ತರಿಸು, ಡಾಕ್ಟರನ್ನ ಎಲ್ಲಿದ್ದರೂ ಎಳ್ಕೊಂಡು ಬಾ" ಅಂದಳು.

ಆ ಹೊತ್ತಿಗೆ ಬೀದಿಯಲ್ಲಿ ಪೊಲೀಸರ ಜೀಪು ನಿಂತಿತು. ಬಾಗಿಲಿಗೆ ವೆಲ್ಡರ್ ತಾನೇ ಮಾಡಿ ಕೂರಿಸಿದ್ದ ಗ್ರಿಲ್ಲು. ಹೆಬ್ಬೆರಳು ದಪ್ಪದ ಸರಳು, ಒಳಗಿನಿಂದ ಬೀಗ. ಮೂವರು ಸೇರಿ ಅಲುಗಾಡಿಸಿದರೂ ಅದು ಮಿಸುಕಲಿಲ್ಲ. ಕೀಲಿ ಅವನ ಪ್ಯಾಂಟಿನ ಜೇಬಿನಲ್ಲಿತ್ತು.

"ಕೀಲಿ ತೆಗೀರಿ ಅಮ್ಮಾ. ಹೆದರ್ಬೇಡಿ" ಅಂದಳು ಸಿಸ್ಟರಮ್ಮ.

ಮುದುಕಿ ಫೋನನ್ನು ಕೆಳಗಿಟ್ಟು ಮಗನ ಪಕ್ಕ ಕೂತಳು. ಜೇಬಿಗೆ ಕೈ ಹಾಕಿದಾಗ ಅವನು ಕಣ್ಣು ಬಿಟ್ಟ. ಅವಳ ಮಣಿಕಟ್ಟು ಹಿಡಿದು ತಿರುಚಿದ. ಒಣಕಡ್ಡಿ ಮುರಿದ ಹಾಗೆ ಲಟಕ್ಕನೆ ಕೇಳಿತು, ಅವಳ ಚೀರಾಟವೂ ಕೇಳಿತು. ಗ್ರಿಲ್ಲಿನಾಚೆ ನಿಂತ ಪೊಲೀಸರು ಬೈಯುತ್ತ, ಲಾಠಿ ತೂರಿಸುತ್ತ, ಏನೂ ಮಾಡಲಾಗದೆ ನೋಡುತ್ತಿದ್ದರು. ಅವನು ಎದ್ದು ಕೂರುವಷ್ಟರಲ್ಲಿ ಮುದುಕಿ ಉಳಿದ ಒಂದು ಕೈಯಲ್ಲಿ ಅವನದೇ ರಾಡು ಎತ್ತಿ ಅವನ ಭುಜದ ಮೇಲೆ ಬೀಸಿದಳು. ಮತ್ತೊಮ್ಮೆ ಬೀಸಿದಳು. ಮತ್ತೊಮ್ಮೆ. ಅವನು ಮಗ್ಗುಲಾಗಿ ಬಿದ್ದು, "ಅಮ್ಮಾ, ಸಾಕಮ್ಮಾ" ಅಂದ ಮೇಲೂ ಒಮ್ಮೆ ಬೀಸಿದಳು. ಆಮೇಲೆ ಕೀಲಿ ತೆಗೆದು ಸರಳಿನ ಸಂದಿನಿಂದ ಎಸೆದಳು.

ಪೊಲೀಸರು ಬೀಗ ತೆಗೆದು ಒಳಗೆ ನುಗ್ಗಿದರು, ಆಂಬುಲೆನ್ಸು ಅವರ ಹಿಂದೆಯೇ ಬಂತು. ಹುಡುಗಿಯನ್ನು ಸ್ಟ್ರೆಚರಿನ ಮೇಲೆ ಎತ್ತಿ ಹಾಕಿದ ಸದ್ದು ಕೇಳುವ ತನಕ ಸಿಸ್ಟರಮ್ಮ ನಿಂತೇ ಇದ್ದಳು. ಆಮೇಲೆ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು, ನೆಲದ ಮೇಲೆ ಕುಸಿದಳು.

ಹುಡುಗಿ ಬದುಕಿದಳು. ಆರು ಬಾಟಲಿ ರಕ್ತ ಹಿಡಿಯಿತು. ಮಗು ಬದುಕಲಿಲ್ಲ. ಹೆಣ್ಣುಮಗು, ಎರಡೂಕಾಲು ಕೇಜಿ, ಕೈಕಾಲು ಕಣ್ಣು ಮೂಗು ಎಲ್ಲ ಚೆನ್ನಾಗಿ ಬೆಳೆದಿದ್ದವು. ಹೊರಗೆ ತೆಗೆದಾಗ ಉಸಿರು ಮಾತ್ರ ಇರಲಿಲ್ಲ.

ಮರುದಿನ ಸೂಪರ್‌ವೈಸರ್ ಸಿಸ್ಟರಮ್ಮನನ್ನು ತನ್ನ ಕೋಣೆಗೆ ಕರೆದು ಬಾಗಿಲು ಹಾಕಿದ. ಮೆಸೇಜಿನ ವಿಷಯ ಸದ್ಯಕ್ಕೆ ಎತ್ತುವುದು ಬೇಡ, ಆ ಗಂಡ ಹೆಂಡತಿಯ ಮಾತನ್ನು ಕದ್ದು ಕೇಳಿರಬಹುದು, ಹಾಗೆ ಅಂದುಕೊಳ್ಳಲಿ ಬಿಡಿ ಅಂದ.

"ಅಂದ್ಕೊಳ್ಳೋರು ಯಾರು ಸಾರ್? ಆ ಹುಡುಗೀನಾ?"

"ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು ಸಿಸ್ಟರ್. ಕೆಲಸ ಹೋಗುತ್ತೆ."

"ಕೆಲಸ ಹೋದ್ರೆ ಕೂತ್ಕೊಳ್ಳೋಕೆ ಮನೇಲೂ ಕುರ್ಚಿ ಇದೆ" ಎಂದು ಹೇಳಿ ಸಿಸ್ಟರಮ್ಮ ನೇರ ಆಸ್ಪತ್ರೆಗೆ ಹೋದಳು.

ಎರಡು ತಿಂಗಳು ದನಿ ಮಾತ್ರ ಕೇಳಿದ್ದ ಹುಡುಗಿಯನ್ನು ಅವತ್ತು ಮೊದಲ ಸಲ ನೋಡಿದಳು. ಚಿಕ್ಕ ಮೈಕಟ್ಟು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ತುಟಿ ಒಡೆದಿತ್ತು, ಕುತ್ತಿಗೆಯ ಸುತ್ತ ಬೆಲ್ಟಿನ ಬಾಸುಂಡೆ. ಪಕ್ಕದ ಸ್ಟೂಲಿನ ಮೇಲೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಅತ್ತೆ ಕೂತಿದ್ದಳು. ದನಿಯಿಂದಲೇ ಹುಡುಗಿ ಗುರುತು ಹಿಡಿದು, "ಬಂದ್ರಾ ಸಿಸ್ಟರ್" ಎಂದು ಕೈ ಚಾಚಿದಳು.

ಆ ಕೈ ಹಿಡಿದರೆ ಹೇಳಲಾಗುವುದಿಲ್ಲವೆಂದು ಸಿಸ್ಟರಮ್ಮ ದೂರವೇ ನಿಂತಳು. ಗುರುತು ಹಾಕಿದವಳು ತಾನು. ಫೋನು ಗಂಡನದೆಂದು ಗೊತ್ತಿದ್ದೂ ಹಾಕಿದವಳು ತಾನು. ಮೆಸೇಜು ಹೋಗುತ್ತದೆಂದು ಹೇಳಿದಾಗ ಸರಿಯಾಗಿ ಕಿವಿಗೊಡದವಳೂ ತಾನೇ. ಎಲ್ಲವನ್ನೂ ಹೇಳಿದಳು. ಹೊಟ್ಟೆಯ ಮಾತೆತ್ತಿ ಆ ಒದೆಗಳನ್ನು ಕರೆದದ್ದನ್ನೂ ಬಿಡಲಿಲ್ಲ.

ಹುಡುಗಿಯ ಚಾಚಿದ ಕೈ ಹಾಗೇ ಇತ್ತು. ಆ ಕೈಯೇ ಪಕ್ಕದಲ್ಲಿದ್ದ ಸ್ಟೀಲ್ ಚೊಂಬನ್ನು ಎತ್ತಿಕೊಂಡಿತು. ಹೊಲಿಗೆ ಹಾಕಿದ ಹೊಟ್ಟೆಯವಳಿಗೆ ಅಷ್ಟು ಬಲ ಎಲ್ಲಿಂದ ಬಂತೋ, ಬೀಸಿ ಎಸೆದಳು. ಚೊಂಬಿನ ಅಂಚು ಸಿಸ್ಟರಮ್ಮನ ಹುಬ್ಬಿಗೆ ಬಡಿದು ರಕ್ತ ಕಣ್ಣಿಗಿಳಿಯಿತು.

"ಎರಡು ದಿನ ಬಾಯಿ ಬಿಡ್ಬೇಡ ಅಂದ್ರಲ್ಲ" ಎಂದು ಹುಡುಗಿ ಕಿರುಚಿದಳು. "ನಾನು ಬಿಡ್ಲಿಲ್ಲ. ನಾನು ಬಿಡ್ಲಿಲ್ಲ! ಹೋಗಿ ಇಲ್ಲಿಂದ. ನಿಮ್ಮ ಮುಖ ತೋರಿಸ್ಬೇಡಿ."

ಸಿಸ್ಟರಮ್ಮ ಹೋದಳು. ಕೆಳಗಿನ ಮಹಡಿಯಲ್ಲಿ ಹುಬ್ಬಿಗೆ ಮೂರು ಹೊಲಿಗೆ ಹಾಕಿದರು. ಏನಾಯಿತೆಂದು ಕೇಳಿದ ನರ್ಸಿಗೆ ಬಚ್ಚಲಲ್ಲಿ ಜಾರಿದೆ ಎಂದು ಹೇಳಲು ಬಾಯಿ ತೆರೆದವಳು, ಆ ಮಾತು ಬರದೆ, "ಹೊಡೆದ್ರು, ಹೊಡೀಬೇಕಾದ್ದೇ" ಅಂದಳು.

ನಾಲ್ಕನೆಯ ದಿನ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಸಹಾಯವಾಣಿಗೆ ಫೋನು ಬಂತು. ಕನ್ನಡಕದವಳು ಎತ್ತಿ, ಏನೂ ಹೇಳದೆ ಸಿಸ್ಟರಮ್ಮನ ಕಡೆಗೆ ದಾಟಿಸಿದಳು. ಅತ್ತೆ ಅಕ್ಕಪಕ್ಕದವರ ಫೋನು ಕೇಳಿ ಮಾಡಿದ್ದಳು, ಮಾತಾಡಿದವಳು ಹುಡುಗಿ.

"ಬೇರೆ ಯಾರನ್ನ ಕೇಳಬೇಕೋ ಗೊತ್ತಾಗ್ಲಿಲ್ಲ" ಅಂದಳು. "ಹಾಲು ಬರ್ತಿದೆ ಸಿಸ್ಟರ್. ಎದೆ ಕಲ್ಲಾಗಿದೆ. ರವಿಕೆ ಎಲ್ಲಾ ಒದ್ದೆ. ಏನ್ ಮಾಡ್ಲಿ?"

ಅಳಲು ತನಗೆ ಅಲ್ಲಿ ಜಾಗವಿಲ್ಲವೆಂದು ಸಿಸ್ಟರಮ್ಮನಿಗೆ ತಿಳಿದಿತ್ತು. ತಣ್ಣೀರಿನ ಬಟ್ಟೆ ಇಟ್ಟುಕೋ, ಪೂರ್ತಿ ಹಿಂಡಬೇಡ, ಬಿಗಿತ ಇಳಿಯುವಷ್ಟು ಮಾತ್ರ ಹಿಂಡಿ ಬಿಡು, ತೀರಾ ಬಿಗಿಯಾಗಿ ಕಟ್ಟಬೇಡ, ಜ್ವರ ಬಂದರೆ ಅಥವಾ ಕೆಂಪಾದರೆ ಕೂಡಲೇ ಡಾಕ್ಟರಿಗೆ ತೋರಿಸು ಎಂದು ಸಾವಕಾಶವಾಗಿ ಹೇಳಿದಳು. ಎಷ್ಟು ದಿನ ಹೀಗೆ ಎಂದು ಹುಡುಗಿ ಕೇಳಿದಳು. ವಾರ, ಹತ್ತು ದಿನ ಎಂದಳು ಸಿಸ್ಟರಮ್ಮ. ಹುಡುಗಿ ಹ್ಞೂಂ ಅಂದು ಫೋನಿಟ್ಟಳು. ಹತ್ತು ದಿನವೂ ಫೋನು ಬಂತು. ಹನ್ನೊಂದನೆಯ ದಿನ ಬರಲಿಲ್ಲ.

ಕೇಸು ಕೋರ್ಟಿಗೆ ಬರುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ಸಹಾಯವಾಣಿಯ ಎಲ್ಲ ಮಾತೂ ತಾನಾಗಿ ರೆಕಾರ್ಡ್ ಆಗುತ್ತಿದ್ದುದರಿಂದ ಆ ಬೆಳಗ್ಗೆ ನಡೆದದ್ದೆಲ್ಲ ಅಲ್ಲಿತ್ತು. ವೆಲ್ಡರನ ವಕೀಲ ಬುದ್ಧಿವಂತ. ಮೊದಲು ಆ ಏಳು ನಿಮಿಷವನ್ನೇ ಕೇಳಿಸಿದ. 'ಅವಳು ಸುಳ್ಳು ಹೇಳಿದ್ಲು. ನಿಮ್ಮ ಮೇಲೆ ಇಲ್ಲದ್ದು ಹೇಳಿದ್ಲು' ಎಂದು ಸಿಸ್ಟರಮ್ಮನ ದನಿ ಕೋರ್ಟಿನ ತುಂಬ ಕೇಳಿತು.

"ಇದು ನಿಮ್ಮದೇ ದನಿ ಅಲ್ವಾ?"

"ನಂದೇ."

"ಹಾಗಾದ್ರೆ ಆಗ ಹೇಳಿದ್ದು ನಿಜಾನಾ, ಈಗ ಹೇಳ್ತಿರೋದು ನಿಜಾನಾ?"

"ಆಗ ಹೇಳಿದ್ದು ಸುಳ್ಳು" ಅಂದಳು ಸಿಸ್ಟರಮ್ಮ. "ನಾನು ಮಾತಾಡ್ತಿದ್ದಾಗ ಬೆಲ್ಟು ನಿಂತಿತ್ತು. ಅದರ ಹಿಂದಿಂದೂ ಮುಂದಿಂದೂ ಕೇಳಿಸಿ, ನಿಮಗೇ ಗೊತ್ತಾಗುತ್ತೆ."

ನ್ಯಾಯಾಧೀಶರು ಪೂರ್ತಿ ಕೇಳಿಸಲು ಹೇಳಿದರು. ಒದ್ದ ಸದ್ದು ಬಂದಾಗ ಕೋರ್ಟಿನ ಬೆರಳಚ್ಚಿನವಳು ಟೈಪು ಮಾಡುವುದನ್ನು ನಿಲ್ಲಿಸಿಬಿಟ್ಟಳು. ಕಟಕಟೆಯಲ್ಲಿದ್ದ ವೆಲ್ಡರ್ ಉಗುರು ನೋಡಿಕೊಳ್ಳುತ್ತಿದ್ದ. ಅತ್ತೆ ಸಾಕ್ಷಿ ಹೇಳಲು ಬಂದಾಗ ಮಾತ್ರ ತಲೆಯೆತ್ತಿ, "ಹೆತ್ತವಳಾಗಿ ಮಗನ ಮೇಲೆ ಹೇಳ್ತೀಯಾ?" ಎಂದು ಗುಡುಗಿದ.

"ಹೆತ್ತಿದ್ದಕ್ಕೇ ಹೇಳ್ತಿದ್ದೀನಿ" ಅಂದಳು ಮುದುಕಿ. "ನಿಮ್ಮಪ್ಪನ ಮೇಲೆ ಹೇಳೋಕೆ ನನಗೆ ಧೈರ್ಯ ಬರ್ಲಿಲ್ಲ. ಅದನ್ನ ನೋಡ್ಕೊಂಡು ನೀನು ಬೆಳೆದೆ." ಮತ್ತೆ ಒಂದೊಂದು ಏಟನ್ನೂ ಬಿಡದೆ ಹೇಳಿದಳು, ಅಡುಗೆಮನೆಯಲ್ಲಿ ಕಿವಿ ಮುಚ್ಚಿ ಕೂತ ಹೊತ್ತನ್ನೂ ಬಿಡಲಿಲ್ಲ.

ಹತ್ತು ವರ್ಷ ಶಿಕ್ಷೆಯಾಯಿತು ಅವನಿಗೆ. ಹೊರಗೆ ಕರೆದೊಯ್ಯುವಾಗ ಪೊಲೀಸರ ಕೈಯಿಂದ ಜಗ್ಗಿಕೊಂಡು ಹುಡುಗಿಯ ಕಡೆ ನುಗ್ಗಿದ. ಅವಳು ಹಿಂದೆ ಸರಿಯಲಿಲ್ಲ. ಪೊಲೀಸನೊಬ್ಬ ಅವನ ಕತ್ತು ಹಿಡಿದು ಗೋಡೆಗೆ ಒತ್ತಿದ. ಮೂಗು ಒಡೆದು ಸುಣ್ಣದ ಮೇಲೆ ರಕ್ತ ಹತ್ತಿತು. ಹುಡುಗಿ ಅದನ್ನು ನೋಡಿದಳು, ಖುಷಿಯೂ ಪಡಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

ಸಿಸ್ಟರಮ್ಮನ ಕೆಲಸ ಹೋಗಲಿಲ್ಲ. ಎಚ್ಚರಿಕೆಯ ಪತ್ರವೊಂದು ಕಡತಕ್ಕೆ ಸೇರಿತು. ಹುಡುಗಿಯ ಫೋನು ನಿಂತ ವಾರವೇ, ಮೆಸೇಜು ಕಳಿಸುವುದನ್ನು ನಿಲ್ಲಿಸುವ ತನಕ ತಾನು ಫೋನು ಮುಟ್ಟುವುದಿಲ್ಲವೆಂದು ಅವಳು ಹಟ ಹಿಡಿದು ಕೂತಳು, ಉಳಿದ ಹತ್ತು ಮೇಜಿನವರೂ ಕೂತರು. ಎರಡೇ ದಿನದಲ್ಲಿ ಅದು ನಿಂತಿತು.

ಅತ್ತೆ ಸೊಸೆ ಆ ಮನೆ ಬಿಟ್ಟು ಬೇರೆ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ಮುದುಕಿಯ ಮಣಿಕಟ್ಟು ಸೊಟ್ಟಗೇ ಕೂಡಿತ್ತು. ಗುಂಡಿ ಹೊಲಿಯಲು ಆಗದು, ನೂಲು ಸುತ್ತಿ ಕೊಡಲು ಆಗುತ್ತಿತ್ತು. ತೀರ್ಪಿನ ದಿನ ಮೂವರೂ ಕೋರ್ಟಿನ ಮೆಟ್ಟಿಲಿಳಿದರು. ಸಿಸ್ಟರಮ್ಮ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಹಿಂದೆ ಉಳಿದಳು. ಹುಡುಗಿ ಕೆಳಗೆ ತಲುಪಿದವಳು ತಿರುಗಿ ನೋಡಿ, ಮತ್ತೆ ಹತ್ತಿ ಬಂದಳು.

"ನಿಮ್ಮನ್ನ ಕ್ಷಮಿಸೋಕೆ ನನಗೆ ಆಗ್ತಿಲ್ಲ ಸಿಸ್ಟರ್" ಅಂದಳು. "ಪ್ರಯತ್ನ ಮಾಡ್ದೆ."

"ಬೇಡಮ್ಮ. ಅದಕ್ಕೋಸ್ಕರ ಬಂದವಳಲ್ಲ ನಾನು."

"ಗೊತ್ತು" ಎಂದು ಹುಡುಗಿ ತನ್ನ ತೋಳು ಕೊಟ್ಟಳು. ಸಿಸ್ಟರಮ್ಮ ಅದನ್ನು ಹಿಡಿದುಕೊಂಡು ಉಳಿದ ಮೆಟ್ಟಿಲು ಇಳಿದಳು. ಕೆಳಗೆ ಅತ್ತೆ, ಬಸ್ಸು ಬಂತು, ಬೇಗ ಬನ್ನಿ ಎಂದು ಸೊಟ್ಟ ಕೈ ಎತ್ತಿ ಕರೆಯುತ್ತಿದ್ದಳು.